ಟಿಶ್ಯೂ ಇಟ್ಟ ಕುರ್ಚಿ

ಸಿಂಗಪುರದಲ್ಲಿ ನಾನು ಮೊದಲು ಬೈಸಿಕೊಂಡದ್ದು ಖಾಲಿ ಮೇಜಿಗೆ ಹೋಗಿ ಕುಳಿತದ್ದಕ್ಕೆ. ಬೆಡೋಕ್‌ನ ಹಾಕರ್ ಸೆಂಟರ್ ಅದು. ಒಂದೇ ಚಾವಣಿಯ ಕೆಳಗೆ ಸಾಲು ಸಾಲು ತಿಂಡಿ ಅಂಗಡಿಗಳು. ಮೇಜಿನ ಮೇಲೆ ಒಂದು ಟಿಶ್ಯೂ ಪೊಟ್ಟಣವಿತ್ತು. ಪುಕ್ಕಟೆ ಇಟ್ಟಿದ್ದಾರೆಂದು ಒಂದನ್ನು ಎಳೆದು ಕೈ ಒರೆಸಿಕೊಂಡೆ. ತಟ್ಟೆ ಹಿಡಿದು ಬಂದ ಚೀನೀ ಆಂಟಿ ಕೆಂಡವಾದರು. ನಾನು “ಅಯ್ಯೋ ರಾಮ” ಎಂದದ್ದು ಪಕ್ಕದ ಮೇಜಿಗೆ ಕೇಳಿಸಿತು.

“ಅದು ಚೋಪ್ ಮಾಡಿರೋ ಸೀಟು ಕಣ್ರೀ. ಟಿಶ್ಯೂ ಇಟ್ರೆ ರಿಸರ್ವ್ ಆಯ್ತು ಅಂತ. ಬನ್ನಿ, ಇಲ್ಲಿ ಕೂತ್ಕೊಳ್ಳಿ.”

ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದಂತೆಯೇ. ಆದರೆ ಅಲ್ಲಿ ಟವೆಲು ಹಾಕಿದ ಮೇಲೂ ಜಗಳ ತಪ್ಪದು. ಇಲ್ಲಿ ಪೊಟ್ಟಣವನ್ನು ಯಾರೂ ಮುಟ್ಟುವುದಿಲ್ಲ.

ಹಾಗೆ ಸಿಕ್ಕವಳು ಬೆಂಗಳೂರಿನ ವಿದ್ಯಾ. ವಾರ ತಿರುಗುವುದರಲ್ಲಿ ‘ಕಣ್ರೀ’ ಹೋಗಿ ‘ಕಣೇ’ ಬಂತು. ಇಂಡಿಯನ್ನರಿಗೆ ಬಾಡಿಗೆಗೆ ಕೊಡುವುದಿಲ್ಲ ಎನ್ನುವ ಓನರುಗಳ ನಡುವೆ ನನಗೊಂದು ರೂಮು ಹುಡುಕಿಕೊಟ್ಟವಳೂ ಅವಳೇ. ಶನಿವಾರ ಯಾರು ಮೊದಲು ಬಂದರೂ ಇನ್ನೊಬ್ಬಳಿಗೆ ಟಿಶ್ಯೂ ಇಟ್ಟಿರುತ್ತಿದ್ದೆವು.

ಆಮೇಲೆ ಗಂಡನ ಕೆಲಸದ ದೆಸೆಯಿಂದ ಅವಳು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ಶಿಫ್ಟ್ ಆದಳು. ಫೋನಿಗೆ ಫೋಟೋಗಳು ಬರತೊಡಗಿದವು. ಹೊಳೆ, ಹೂಕುಂಡಗಳ ಕಿಟಕಿ, ಮತ್ತು ಪ್ರತಿ ಫೋಟೋದಲ್ಲೂ ಪಕ್ಕದ ಮನೆಯ ಕ್ಲೇರ್. ಫ್ರಾನ್ಸ್ ಕಂಡು ನನಗೇನೂ ಆಗಲಿಲ್ಲ. ಕ್ಲೇರಳನ್ನು ಕಂಡು ಹೊಟ್ಟೆ ಉರಿಯಿತು.

ಕೊನೆಗೆ ರಜೆ ಹಾಕಿ ನೋಡಿಯೇ ಬರೋಣವೆಂದು ಹೋದೆ. ಕಾಲುವೆ ಬದಿಯ ಹಳೆಯ ಮರದ ಮನೆಗಳ ನಡುವೆ ವಿದ್ಯಾ ಬ್ರೆಡ್ ಅಂಗಡಿಯವಳೊಡನೆ ಫ್ರೆಂಚಿನಲ್ಲಿ ಹರಟಿದಳು. ನಾನು ಚೀಲ ಹಿಡಿದು ನಿಂತಿದ್ದೆ. ಅಲ್ಲಿಂದ ಕ್ಯಾಥೆಡ್ರಲ್. ನಸುಗೆಂಪು ಕಲ್ಲಿನಲ್ಲಿ ಕಸೂತಿ ಹಾಕಿದಂತಿದೆ. ಜೋಡಿ ಗೋಪುರ ಏಳಬೇಕಿತ್ತಂತೆ, ಎದ್ದಿರುವುದು ಒಂದೇ.

“ನಮ್ಮ ಮೈಸೂರಿನ ಚರ್ಚಿಗೆ ಎರಡೂ ಇದೆ” ಎಂದೆ.

“ಯಾಕೇ ಅಷ್ಟು ಉರ್ಕೋತೀಯಾ?” ಎಂದು ವಿದ್ಯಾ ನಕ್ಕಳು.

ಒಳಗೆ ಅವಳ ಪಕ್ಕದ ಕುರ್ಚಿಯ ಮೇಲೆ ಟಿಶ್ಯೂ ಪೊಟ್ಟಣವಿಟ್ಟು, ಅಲ್ಲಿಯ ಪ್ರಸಿದ್ಧ ಗಡಿಯಾರ ನೋಡಲು ಹೋದೆ. ಏಸುವಿನ ಶಿಷ್ಯರ ಗೊಂಬೆಗಳು ಒಂದರ ಹಿಂದೆ ಒಂದು ಹಾದವು, ಮೇಲೊಂದು ಹುಂಜ ರೆಕ್ಕೆ ಬಡಿದು ಕೂಗಿತು. ತಿರುಗಿ ಬಂದರೆ ನನ್ನ ಕುರ್ಚಿಯಲ್ಲಿ ಅಷ್ಟರಲ್ಲಿ ಬಂದು ಸೇರಿದ್ದ ಕ್ಲೇರ್, ನನ್ನ ಟಿಶ್ಯೂವಿನಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದಾಳೆ.

“ನಿಂದಾ ಅದು?” ವಿದ್ಯಾ ಪಿಸುಗುಟ್ಟಿದಳು. “ಯಾರೋ ಬಿಟ್ಟುಹೋಗಿದಾರೆ ಅನ್ಕೊಂಡೆ ಕಣೇ. ಪಾಪ, ಇವಳಿಗೆ ನೆಗಡಿ, ಕೊಟ್ಬಿಟ್ಟೆ.”

ನನಗೆ ಚೋಪ್ ಮಾಡುವುದನ್ನು ಕಲಿಸಿದವಳು! ಕ್ಲೇರ್ ಥಟ್ಟನೆ ಎದ್ದು ಜಾಗ ಬಿಟ್ಟುಕೊಡಲು ಬಂದಳು. ಒಳ್ಳೆಯ ಹೆಂಗಸು, ಅದಕ್ಕೇ ಇನ್ನಷ್ಟು ಉರಿಯಿತು. ಬೇಡವೆಂದು ಕೈಯಾಡಿಸಿ ಹಿಂದಿನ ಸಾಲಿನಲ್ಲಿ ಕುಳಿತೆ. ಅವರಿಬ್ಬರ ಬೆನ್ನು ಕಾಣುತ್ತಿತ್ತು.

ಈಚೆಗೆ ಮೈಸೂರಿಗೆ ಹೋದಾಗಲೂ ಹೋಟೆಲಿನ ಮೇಜಿನ ಮೇಲೆ ಟಿಶ್ಯೂ ಇಟ್ಟು ಕೈ ತೊಳೆಯಲು ಹೋದೆ. ಮಾಣಿ ಅದನ್ನು ಎಂಜಲೆಲೆಯ ಜೊತೆ ಬಳಿದುಕೊಂಡು ಹೋಗಿದ್ದ. ಅಲ್ಲಿ ನಡೆಯದ ಅಭ್ಯಾಸ ನನಗಂಟಿದೆ, ಬಿಡಲಾರೆ.

ಶನಿವಾರಗಳಂದು ಈಗಲೂ ಬೆಡೋಕ್‌ನಲ್ಲಿ ಎದುರಿನ ಸೀಟಿಗೆ ಪೊಟ್ಟಣ ಇಡುತ್ತೇನೆ. ಮೊನ್ನೆ, ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದನ್ನು ಕೇಳಿ, ಹೊಸದಾಗಿ ಬಂದ ಹುಡುಗಿಯೊಬ್ಬಳು ತಟ್ಟೆ ಹಿಡಿದು ಹತ್ತಿರ ಬಂದಳು.

“ಆಂಟಿ, ಇಲ್ಲಿ ಯಾರಾದ್ರೂ ಬರ್ತಾರಾ?”

“ಹೂಂ, ಬರ್ತಾರೆ” ಎಂದೆ.

ಅವಳು ಸಾರಿ ಹೇಳಿ ಬೇರೆ ಮೇಜು ಹುಡುಕಿಕೊಂಡು ಹೋದಳು. ನನ್ನ ದೋಸೆ ಮುಗಿಯುವವರೆಗೂ ಯಾರೂ ಬರಲಿಲ್ಲ. ಪೊಟ್ಟಣವನ್ನು ಯಾರೂ ಮುಟ್ಟಲೂ ಇಲ್ಲ.