ಹುಲ್ಲು ಅಲ್ಲಾಡಬೇಕು

ನಮ್ಮ ದೊಡ್ಡಮ್ಮ ತನ್ನ ಕಂಪ್ಯೂಟರಿಗೆ, ಆಟದ ಚಿತ್ರಗಳನ್ನು ನಿಜದಂತೆ ಮೂಡಿಸುವ ಹೊಸ ಗ್ರಾಫಿಕ್ಸ್ ಕಾರ್ಡ್ ಆರಿಸಲು ಹೊರಟು ಎಂಟು ತಿಂಗಳಾಯಿತು, ಅಳೆಯುವುದೂ ಸುರಿಯುವುದೂ ಇನ್ನೂ ಮುಗಿದಿಲ್ಲ. ಪ್ರತಿ ಶನಿವಾರ ಕೋಲೂರಿಕೊಂಡು ಅಂಗಡಿಗೆ ಹೋಗುತ್ತಾಳೆ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಕಾರ್ಡನ್ನು ಹಸುಗೂಸಿನಂತೆ ಎತ್ತಿ ತಿರುಗಿಸಿ, ಅದರ ಫ್ಯಾನುಗಳಿಗೆ ಉಫ್ ಎಂದು ಊದಿ ನೋಡುತ್ತಾಳೆ. ಮೆಮೊರಿ ಎಷ್ಟು, ಬಿಸಿಯಾಗುವುದೆಷ್ಟು, ಕರೆಂಟು ಕುಡಿಯುವುದೆಷ್ಟು ಎಂದು ಅವಳು ಹಾಕುವ ಅಡ್ಡಪ್ರಶ್ನೆಗಳ ಮುಂದೆ ವಕೀಲರೂ ಕೈಕಟ್ಟಿ ನಿಲ್ಲಬೇಕು. ಕೊಳ್ಳಲು ಬಂದ ಕಾಲೇಜು ಹುಡುಗರು ಅಂಗಡಿಯವನನ್ನು ಬಿಟ್ಟು ಇವಳನ್ನೇ ಕೇಳುತ್ತಾರೆ. "ಅದು ಬೇಡ ಕಣೋ, ಮೇಲೆ ಥಳಕು, ಒಳಗೆ ಹುಳುಕು" ಎಂದು ಅವನೆದುರೇ ಹೇಳಿ ಅವನ ವ್ಯಾಪಾರಕ್ಕೆ ಕಲ್ಲು ಹಾಕುತ್ತಾಳೆ. ಮೊನ್ನೆ ಅವನಿಗೂ ತಲೆಕೆಟ್ಟಿತು. "ಅಮ್ಮಾ, ಆಟದಲ್ಲಿ ನೀವು ಎಷ್ಟು ಜನರನ್ನ ಹೊಡೀಬೇಕು ಹೇಳ್ಬಿಡಿ, ಅದಕ್ಕೆ ತಕ್ಕ ಕಾರ್ಡು ನಾನೇ ಆರಿಸ್ತೀನಿ" ಎಂದ. "ಯಾರನ್ನೂ ಹೊಡೆಯಲ್ಲಪ್ಪ. ನಾನು ನಡೀತೀನಿ, ಅಷ್ಟೆ. ಗುಡ್ಡ ಹತ್ತುವಾಗ ಹುಲ್ಲಿನ ಒಂದೊಂದು ಎಸಳೂ ಗಾಳಿಗೆ ಅಲ್ಲಾಡ್ಬೇಕು" ಎಂದಳು. ಮೂವತ್ತು ವರ್ಷ ಮನೆಮನೆಗೆ ಅಂಚೆ ಕಾಗದ ಹಂಚಿ ಸವೆದ ಮಂಡಿ ಅವಳದು. ಅಂಗಡಿಯವನು ಇದ್ದುದರಲ್ಲೇ ಒಳ್ಳೆಯ ಕಾರ್ಡೊಂದನ್ನು ದೊಡ್ಡ ಪರದೆಯ ಕಂಪ್ಯೂಟರಿಗೆ ಜೋಡಿಸಿ, ಗುಡ್ಡ ಹತ್ತುವ ಆಟ ಹಾಕಿ, ತಾನು ಕೂರುವ ಕುರ್ಚಿಯನ್ನೇ ಎಳೆದುಕೊಟ್ಟ. ದೊಡ್ಡಮ್ಮ ಒಂದು ಗಂಟೆ ಆ ಹುಲ್ಲಿನ ನಡುವೆ ನಡೆದಳು. ಗುಡ್ಡದ ನೆತ್ತಿ ಮುಟ್ಟಿದಾಗ, "ಉಸ್ಸಪ್ಪಾ! ಇದೇ ಇರಲಿ" ಎಂದು, ಬೆವರೇ ಇಲ್ಲದ ಹಣೆಯನ್ನು ಅಂಗೈಯಿಂದ ಒರೆಸಿಕೊಂಡಳು.