ತಲೆಬುರುಡೆಗೆ ಕುಂಕುಮ

ನನಗೆ ಸಂಗೀತದ ಗಂಧವಿಲ್ಲ. ನೆಗಮಂ ಊರಿನ ಈ ಮಗ್ಗದ ಮನೆಗೆ ಸೊಸೆಯಾಗಿ ಬಂದಂದಿನಿಂದ ಲಟಕ್ ಪಟಕ್ ಕೇಳಿ ಕೇಳಿ ಕಿವಿ ದಣಿದಿದೆ. ಅದೂ ಒಂದು ಕೃಪೆಯೇ. ಅತ್ತೆ ಬೈದದ್ದು ಅರ್ಧ ಕೇಳಿಸುವುದಿಲ್ಲ.

ಆ ಕಿವಿಗೆ ಒಂದು ಶನಿವಾರ ಮಗಳು ಗೌರಿ ಹೊಸ ಪರೀಕ್ಷೆ ತಂದಳು. ಅವಳು ಓದುವುದು ಪಟ್ಟಣದ ಕಡೆ, ಪೀಳಮೇಡಿನ ಕಾಲೇಜಿನಲ್ಲಿ. ಮಗ್ಗದವರ ಹುಡುಗಿ ಎಂದು ಮೊದಲ ವರ್ಷ ಯಾರೂ ಪಕ್ಕ ಕೂರಲಿಲ್ಲವಂತೆ. ಎರಡನೇ ವರ್ಷ ಒಬ್ಬಳೇ ಒಬ್ಬಳು ಗೆಳತಿ ಸಿಕ್ಕಳು, ಶೀಲಾ. ಅವಳು ಎರಡು ದಿನಕ್ಕೆಂದು ಕೊಟ್ಟ ಪುಟ್ಟ ರೆಕಾರ್ಡು ಅದು. ಹೆವಿ ಮೆಟಲ್ ಎಂಬ ಜಾತಿಯ ಹಾಡಂತೆ; ಅದನ್ನು ಹಾಡಿದ ಗುಂಪು ಹೆಸರು ಮಾಡುವ ಮುಂಚೆ ಹೊರತಂದದ್ದು, ನಾಲ್ಕೇ ಹಾಡು. ಶೀಲಾಳ ಅಣ್ಣ ಪರದೇಶದಿಂದ ಹೊತ್ತು ತಂದಿದ್ದನಂತೆ.

ನಮ್ಮಲ್ಲಿ ಮನೆಗೆ ಹೊಸದೇನು ಬಂದರೂ, ಕುಕ್ಕರೇ ಆಗಲಿ, ಮೊದಲು ಚೌಡೇಶ್ವರಿಯ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಬೇಕು. ಗೌರಿ ಸ್ನಾನಕ್ಕೆ ಹೋದಾಗ ಹಾಗೇ ಮಾಡಹೊರಟೆ. ಕವರಿನ ಮೇಲೆ ಹಲ್ಲು ಕಿರಿದ ತಲೆಬುರುಡೆ! ಮುತ್ತೈದೆಯಾದವಳು ಬುರುಡೆಗೆ ಕುಂಕುಮ ಇಡುವುದುಂಟೇ? ಒಳಗಿನ ತಟ್ಟೆಯನ್ನೇ ತೆಗೆದು, ಅದರ ಕರಿ ಮೈಗೆ ನೀರಲ್ಲಿ ಕಲೆಸಿದ ಅರಿಶಿನ ಬಳಿದು, ಕುಂಕುಮ ಇಟ್ಟು ಕೈಮುಗಿದೆ.

“ಅಯ್ಯೋ, ಏನಮ್ಮಾ ಮಾಡ್ಬುಟ್ಟೆ! ಸೋಮವಾರ ಅವಳ ಮೊಗ ಹೆಂಗೆ ನೋಡ್ಲಿ? ನಂಗಿರೋದೇ ಒಬ್ಬ ಸ್ನೇಹಿತೆ!” ಎಂದು ಗೌರಿ ಅತ್ತಳು. ಊಟಕ್ಕೂ ಬರಲಿಲ್ಲ.

ನಮ್ಮ ಯಜಮಾನರು ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಯಿಂದ ಎದ್ದು ಬಂದರು. “ಅಳ್ಬೇಡ ಅಮ್ಮಣಿ. ಮದ್ವೆ ದಿನ ನಿಮ್ಮಮ್ಮ ನಂಗೂ ಹಿಂಗೇ ಅರಿಶಿನ ಬಳಿದ್ಲು. ನಾನಿನ್ನೂ ಓಡ್ತಾ ಇಲ್ವಾ?” ಎಂದು, ಒದ್ದೆ ಮಾಡಿದ ಮೆತ್ತನೆ ನೂಲಿನಿಂದ ಗೆರೆ ಗೆರೆಯನ್ನೂ ಒರೆಸಿದರು.

ಹಳೆಯ ಪ್ಲೇಯರಿನ ಮೇಲಿಟ್ಟಾಗ ನಾಲ್ಕು ಮಗ್ಗ ಒಟ್ಟಿಗೆ ಮುರಿದು ಬಿದ್ದಂಥ ಸದ್ದು. ಹಾಡುವವನೂ ನನ್ನಷ್ಟೇ ದಣಿದಿದ್ದ; ಅವನನ್ನು ಕಿರುಚಲು ಬಿಟ್ಟಿದ್ದರು, ಅಷ್ಟೇ ವ್ಯತ್ಯಾಸ. ಮೂರು ಹಾಡು ಸರಿಯಾಗಿ ಬಂದವು. ನಾಲ್ಕನೆಯದರಲ್ಲಿ, ಕುಂಕುಮ ಇಟ್ಟಿದ್ದ ಕಡೆ, ಸೂಜಿ ಎಗರಿತು. ಗೌರಿಯ ಮುಖ ಮತ್ತೆ ಬಾಡಿತು.

ಸೋಮವಾರ ಅವಳು ಕಾಲೇಜಿಗೆ ಹೋದ ಮೇಲೆ ನೂಲು ಸುತ್ತುತ್ತಾ ದೇವಿಯ ಪಟ ನೋಡಿದೆ. ತಾಯಿಯ ಕೊರಳಲ್ಲೇ ಬುರುಡೆಗಳ ಮಾಲೆ! ಇಷ್ಟು ವರ್ಷ ಅವಕ್ಕೂ ಸೇರಿಸಿಯೇ ಕೈಮುಗಿದಿದ್ದೇನೆ. ಕವರಿನ ಬುರುಡೆಯೊಂದಕ್ಕೆ ಮಾತ್ರ ಮಡಿವಂತಿಕೆ ಮಾಡಿ ಮಗಳ ಸ್ನೇಹಕ್ಕೆ ಕುತ್ತು ತಂದೆನಲ್ಲ ಎಂದು ನಾಚಿಕೆಯಾಯಿತು.

ಸಂಜೆ ಗೌರಿ ಬಂದಳು. ಕೈಯಲ್ಲಿ ಇನ್ನೊಂದು ರೆಕಾರ್ಡು.

“ನಡೆದದ್ದೆಲ್ಲ ಹೇಳ್ದೆ. ಶೀಲಾ ಬಿದ್ದು ಬಿದ್ದು ನಕ್ಕಳು. ಇದಕ್ಕೂ ಪೂಜೆ ಮಾಡಿಸ್ಕೊಂಡು ಬಾ ಅಂದ್ಲು. ಆದ್ರೆ ಅಮ್ಮಾ, ಬೊಟ್ಟು ಕವರಿಗೇ ಇಡ್ಬೇಕಂತೆ.”

ಇದರ ಮೇಲೂ ಬುರುಡೆಯೇ. ಈ ಸಲ ನಾನು ಹಿಂದೆಮುಂದೆ ನೋಡದೆ ಅದರ ಹಣೆಗೇ ಕುಂಕುಮ ಇಟ್ಟೆ. ಮಗಳ ಗೆಳತಿಯ ಮನೆಯಿಂದ ಬಂದವರನ್ನು ಬರಿ ಹಣೆಯಲ್ಲಿ ಕಳಿಸುವುದುಂಟೇ?