ಚಿಕ್ಕ ಔಷಧಿ, ಕುಡಿಯದ ನೀರು

ಗಾಬೆಸ್‌ನಿಂದ ಸ್ಫಾಕ್ಸ್‌ವರೆಗೆ ಬಾಡಿಗೆ ವ್ಯಾನು ಓಡಿಸುತ್ತಿದ್ದ ಲಜ್‌ಹರ್‌ಗೆ ಬಾಯಾರಿಕೆ ತಡೆಯಬಲ್ಲೆ ಎಂಬುದೇ ಒಂದು ಜಂಬ. ಎಂಥ ಸುಡುಬಿಸಿಲಿನಲ್ಲೂ ದಾರಿಯಲ್ಲಿ ಹನಿ ನೀರು ಮುಟ್ಟುತ್ತಿರಲಿಲ್ಲ. ರಂಜಾನ್ ಮುಗಿದ ಮೇಲೂ, ಮನಸ್ಸಿದ್ದವರು ಹಿಡಿಯುವ ಆ ಆರು ಉಪವಾಸಗಳನ್ನು ಜ್ವರ ಬಂದರೂ ಬಿಟ್ಟವನಲ್ಲ. ಮನುಷ್ಯ ಒಳ್ಳೆಯವನೇ, ಹಟ ಮಾತ್ರ ಕೆಟ್ಟದ್ದು.

ಮಲದಲ್ಲಿ ರಕ್ತ ಕಂಡಾಗ ಹೆಂಡತಿ ಮಹ್‌ಬೂಬಾ ಅವನನ್ನು ಜಗಳವಾಡಿಯೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅವನ ಅಪ್ಪ ಕರುಳಿನ ಕ್ಯಾನ್ಸರಿನಲ್ಲೇ ಹೋದವನು. ಒಳಗೆ ಕ್ಯಾಮೆರಾ ಬಿಟ್ಟು ನೋಡಬೇಕು, ಅದಕ್ಕೆ ಮೊದಲು ಕರುಳು ಪೂರ್ತಿ ಸ್ವಚ್ಛವಾಗಿರಬೇಕು ಎಂದರು ಅಲ್ಲಿನ ಡಾಕ್ಟರು.

ನರ್ಸ್ ನಾಯ್ಲಾ ಬಿಡಿಸಿ ಹೇಳಿದಳು. "ಕಾಕಾ, ಔಷಧಿ ಎರಡು ಥರದ್ದಿದೆ. ಒಂದು ನಾಲ್ಕು ಲೀಟರು, ಉಪ್ಪುಪ್ಪಾಗಿರತ್ತೆ, ಅಷ್ಟೂ ಕುಡೀಬೇಕು. ಇನ್ನೊಂದು ಚಿಕ್ಕದು. ಹಿಂದಿನ ಸಂಜೆ ಒಂದು ಲೋಟ, ಬೆಳಗಿನ ಜಾವ ಒಂದು ಲೋಟ. ಎರಡೂ ಚೆನ್ನಾಗೇ ತೊಳೆಯತ್ತೆ. ಆದ್ರೆ ಚಿಕ್ಕದು ಕುಡಿದ ಮೇಲೆ ಪ್ರತಿ ಸಲಾನೂ ಹೂಜಿ ತುಂಬ ನೀರು ಕುಡೀಲೇಬೇಕು."

"ನಾಲ್ಕು ಲೀಟರು ನನ್ನ ವ್ಯಾನೂ ಕುಡಿಯಲ್ಲ," ಎಂದ ಲಜ್‌ಹರ್. "ಚಿಕ್ಕದೇ ಕೊಡಮ್ಮ."

ಪರೀಕ್ಷೆ ಈದ್ ಆದ ಮೇಲಿನ ವಾರಕ್ಕೆ ಬಿತ್ತು. ಹೇಗೂ ಹೊಟ್ಟೆ ಖಾಲಿ, ಆರರಲ್ಲಿ ಒಂದು ಉಪವಾಸವೂ ಆಗಿಹೋಗಲಿ ಎಂದುಕೊಂಡ. ಸಂಜೆಯದು ಸರಿಯಾಗಿಯೇ ನಡೆಯಿತು. ಜಾವದ ಲೋಟ ಮುಗಿಸಿ ಹೂಜಿಗೆ ಕೈ ಹಾಕುವಷ್ಟರಲ್ಲಿ ಮಸೀದಿಯಿಂದ ಆಜಾನ್ ಕೇಳಿಸಿತು; ಉಪವಾಸ ಶುರು, ಇನ್ನು ಸೂರ್ಯ ಮುಳುಗುವವರೆಗೆ ಹನಿ ನೀರೂ ಇಲ್ಲ. ಕೈ ತಾನಾಗಿ ಹಿಂದಕ್ಕೆ ಬಂತು.

"ಕುಡೀರಿ," ಎಂದಳು ಮಹ್‌ಬೂಬಾ. "ಕಾಯಿಲೆಯವರಿಗೆ ಉಪವಾಸ ಯಾರು ಹೇಳಿದ್ದು?"

"ಔಷಧಿ ಒಳಗೆ ಹೋಯ್ತಲ್ಲ ಮಾರಾಯ್ತಿ. ನೀರಿಲ್ದೆ ನಾನು ಸಾಯ್ತೀನಾ?"

ಆಸ್ಪತ್ರೆಯಲ್ಲಿ ನೋಡಿದರೆ ಕರುಳಿನ ಬಲಭಾಗವೆಲ್ಲ ಕೊಳೆಯೇ ತುಂಬಿತ್ತು, ಕ್ಯಾಮೆರಾಕ್ಕೆ ಏನೂ ಕಾಣಲಿಲ್ಲ. ನೀರು ಕುಡಿದಿದ್ದಿರಾ ಎಂದು ಡಾಕ್ಟರು ಕೇಳಿದರು. ಮಗನ ವಯಸ್ಸಿನವನ ಮುಂದೆ ತಪ್ಪು ಒಪ್ಪಿಕೊಳ್ಳಲು ನಾಚಿಕೆಯಾಗಿ, ಕುಡಿದೆ ಎಂದುಬಿಟ್ಟ. ಹಾಗಾದರೆ ಚಿಕ್ಕದು ನಿಮಗೆ ಸಾಲದು, ಮುಂದಿನ ಸಲ ದೊಡ್ಡದೇ ಎಂದರು ಡಾಕ್ಟರು. ಅಲ್ಲಿಯ ಸರದಿ ಗೊತ್ತಲ್ಲ, ಮುಂದಿನ ಸಲ ಬರುವಷ್ಟರಲ್ಲಿ ಚಳಿಗಾಲ ಬಂತು.

ಮೂಗು ಹಿಡಿದು, ವಾಕರಿಸುತ್ತ, ನಾಲ್ಕು ಲೀಟರೂ ಕುಡಿದ. ಈ ಸಲ ಎಲ್ಲವೂ ಸ್ಪಷ್ಟವಾಗಿ ಕಂಡಿತು. ಬಲಗಡೆಯಲ್ಲಿ ಗಡ್ಡೆ. ಅದು ಲಿವರ್‌ಗೂ ಹಬ್ಬಿತ್ತು.

"ಹೋದ ಸಲಾನೇ ಕಂಡಿದ್ರೆ?" ಮಹ್‌ಬೂಬಾ ಕೇಳಿದಳು.

"ಆಗ ಕತ್ತರಿಸಿ ತೆಗೀಬಹುದಿತ್ತೇನೋ, ಅಮ್ಮ," ಎಂದರು ಡಾಕ್ಟರು.

ಅವತ್ತಿನಿಂದ ನೋಡಲು ಬಂದವರಿಗೆಲ್ಲ ಮಹ್‌ಬೂಬಾ ಹೇಳುವುದು ಒಂದೇ ಮಾತು: ಆ ಚಿಕ್ಕ ಔಷಧಿ ಸರಿಯಿರಲಿಲ್ಲ. ಗಂಡನ ಪೆದ್ದುತನ ಊರ ಬಾಯಿಗೆ ಬೀಳುವುದು ಅವಳಿಗೆ ಬೇಡ. ಒಳಗೆ ಮಲಗಿದ ಲಜ್‌ಹರ್‌ಗೆ ಅದು ದಿನವೂ ಕೇಳಿಸುತ್ತಿತ್ತು. ಅವಳ ಮೇಲೆ ಅವನಿಗೆ ಪ್ರೀತಿ ಉಕ್ಕುತ್ತಿತ್ತು, ತನ್ನ ಮೇಲೆ ಹೇಸಿಗೆ.

ಒಂದು ಮಧ್ಯಾಹ್ನ ತಮ್ಮ ತೈಯಿಬ್ ಬಂದ. ಅಪ್ಪ, ಅಣ್ಣ ಇಬ್ಬರಿಗೂ ಬಂದ ಮೇಲೆ ಅವನೂ ಪರೀಕ್ಷೆ ಮಾಡಿಸಲೇಬೇಕೆಂದು ಹೇಳಿದ್ದರು.

"ನಂಗೂ ಆ ಚಿಕ್ಕದನ್ನೇ ಬರೆದುಕೊಟ್ರು ಅಣ್ಣಾ. ನಿಂಗೇ ಆಗಿಬರದ್ದು ನಂಗೇನು ಆಗಿಬರತ್ತೆ? ದೊಡ್ಡದನ್ನ ಕುಡಿಯೋಕೆ ನನ್ನ ಕೈಲಾಗಲ್ಲ. ಬರಲ್ಲ ಅಂತ ಹೇಳಿಬಂದೆ."

ಲಜ್‌ಹರ್ ಮೊಣಕೈ ಊರಿ ಎದ್ದು ಕೂತ. "ಔಷಧಿ ಸರಿಯಾಗೇ ಇತ್ತು ಕಣೋ. ನೀರು ಕುಡೀಲಿಲ್ಲ ನಾನು. ಉಪವಾಸ ಅಂತ ಬಿಟ್ಟೆ. ನೀನು ಹೋಗೋ."

ತೈಯಿಬ್ ಅತ್ತಿಗೆಯ ಮುಖ ನೋಡಿದ. ಮಹ್‌ಬೂಬಾ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಸುಮ್ನೆ ಹೇಳ್ತಾರಪ್ಪ, ನಿನ್ನ ಕಳಿಸೋಕೆ," ಎಂದಳು. "ಕುಡಿದಿದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಿ."

"ನಂಗೊತ್ತಿತ್ತು," ಎಂದ ತೈಯಿಬ್, ಅಣ್ಣನ ಕೈ ಹಿಡಿದುಕೊಂಡು. "ನೀನು ಮಲಕ್ಕೋ."